ಒಂದು ಪುಟದಲ್ಲಿ ಹಿಡಿಸದ ಅಜ್ಜ

ಅಪ್ಪನ ಫೋನ್ ಬಂದಾಗ ನಾನು ಆಫೀಸಿನ ಲಿಫ್ಟ್‌ನಲ್ಲಿದ್ದೆ. ಸಿಗ್ನಲ್ ಕಟ್ ಆಗಿ ಆಗಿ ಬರ್ತಿತ್ತು. "ಅಜ್ಜ ಹೋದ್ರು" ಅನ್ನೋದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಹೊರಗೆ ಬಂದು ಮತ್ತೆ ಫೋನ್ ಮಾಡಿದೆ. "ಮಧ್ಯಾಹ್ನ ಗಂಜಿ ಊಟ ಮಾಡಿ ಮಲಗಿದವರು ಏಳಲಿಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀವನ ಚರಿತ್ರೆ ನೀನೇ ಬರೀಬೇಕು. ಒಂದು ಪುಟ ಸಾಕು. ಐದು ನಿಮಿಷ ಮೀರಬಾರದು" ಎಂದರು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಮಂಗಳೂರಿನ ನಮ್ಮ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಯಾರಾದರೂ ತೀರಿಕೊಂಡರೆ, ಚರ್ಚಿನಲ್ಲಿ ನಡೆಯುವ ಕೊನೆಯ ಆರಾಧನೆಯಲ್ಲಿ ಅವರ ಬದುಕನ್ನು ಚಿಕ್ಕದಾಗಿ ಬರೆದು ಓದುತ್ತೇವೆ. ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಕೆಲಸ, ಮಕ್ಕಳು, ಸಭೆಗೆ ಮಾಡಿದ ಸೇವೆ, ನಿಧನ. ಸಾಮಾನ್ಯವಾಗಿ ಮನೆಯಲ್ಲಿ ಚೆನ್ನಾಗಿ ಕನ್ನಡ ಬರೆಯೋರಿಗೆ ಈ ಕೆಲಸ ಬೀಳತ್ತೆ. ನಮ್ಮ ಮನೆಯಲ್ಲಿ ಅದು ನಾನು.

ಅವತ್ತು ರಾತ್ರಿ ಬೆಂಗಳೂರಿನಿಂದ ಬಸ್ ಹತ್ತಿದೆ. ತಮ್ಮನೂ ಬೆಂಗಳೂರಿನಲ್ಲೇ ಇದ್ದಾನೆ. ಅವನು ಬೇರೆ ಬಸ್ಸಿನಲ್ಲಿ ಹೊರಟ. ಒಂದೇ ಊರಿನಿಂದ, ಒಂದೇ ರಾತ್ರಿ, ಒಂದೇ ಸಾವಿಗೆ, ಎರಡು ಬಸ್ಸು. ಏಪ್ರಿಲ್‌ನಿಂದ ನಾವು ಮಾತಾಡಿರಲಿಲ್ಲ. ಕಾರಣ ಇಲ್ಲಿ ಬೇಡ. ಹಣದ ವಿಷಯ ಅಂದರೆ ಸಾಕು.

ಶಿರಾಡಿ ಘಾಟಿಯ ತಿರುವುಗಳಲ್ಲಿ, ಫೋನಿನ ನೋಟ್ಸ್‌ನಲ್ಲಿ ಅಜ್ಜನ ಬದುಕು ಬರೆದು ಮುಗಿಸಿದೆ. 1929ರಲ್ಲಿ ಮಂಗಳೂರಿನಲ್ಲಿ ಜನನ. 1948ರಿಂದ 1987ರವರೆಗೆ ಹಂಚಿನ ಕಾರ್ಖಾನೆಯಲ್ಲಿ ಕೆಲಸ. 1956ರಲ್ಲಿ ಮದುವೆ. ಮೂವರು ಮಕ್ಕಳು, ಏಳು ಮೊಮ್ಮಕ್ಕಳು, ಮೂವರು ಮರಿಮಕ್ಕಳು. ಹಲವು ವರ್ಷ ಭಾನುವಾರ ಶಾಲೆಯ ಶಿಕ್ಷಕರು, ಸಭೆಯ ಹಿರಿಯರು. 2023ರ ಡಿಸೆಂಬರ್‌ನಲ್ಲಿ, 94ನೇ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು.

ಓದಿ ನೋಡಿದೆ. ಎಲ್ಲವೂ ಸರಿಯಾಗಿತ್ತು. ಅಜ್ಜ ಮಾತ್ರ ಅದರಲ್ಲಿ ಇರಲಿಲ್ಲ.

ಕಿವಿಯಿಂದ ನಡೆದ ಸಂಸಾರ

ಹಂಚಿನ ಕಾರ್ಖಾನೆ ಅಂದರೆ ಈಗಿನವರಿಗೆ ಏನೂ ಅನಿಸಲಿಕ್ಕಿಲ್ಲ. ಆದರೆ ನಮ್ಮಂಥ ಕುಟುಂಬಗಳ ಚರಿತ್ರೆ ಶುರುವಾಗೋದೇ ಅಲ್ಲಿಂದ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರ ಮಾತು ಕೇಳಿ ಕ್ರೈಸ್ತರಾದವರಿಗೆ ಅನೇಕ ಸಲ ಊರಿನ ಕೆಲಸ, ಗೇಣಿ ಜಮೀನು, ನಂಟಸ್ತಿಕೆ ಎಲ್ಲಾ ಒಟ್ಟಿಗೇ ಕಳೆದುಹೋಗುತ್ತಿತ್ತು. ಅವರಿಗೆ ಅನ್ನದ ದಾರಿ ಆಗಬೇಕಲ್ಲ? ಹಾಗಾಗಿ ಮಿಷನ್‌ನವರು ಮುದ್ರಣಾಲಯ, ನೇಯ್ಗೆ ಶಾಲೆ ತೆರೆದರು. 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆಯೂ ಬಂತು. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಗಿದ್ದು ಅದೇ ಮಿಷನ್‌ನ ಮುದ್ರಣಾಲಯದಲ್ಲಿ. "ನಮ್ಮವರು ಕನ್ನಡಕ್ಕೆ ಎರಡು ಕೊಟ್ಟಿದ್ದಾರೆ. ಓದೋಕೆ ನಿಘಂಟು, ಓದುವಾಗ ನೆನೆಯದ ಹಾಗೆ ಹಂಚು" ಅಂತ ಅಜ್ಜ ನಗ್ತಿದ್ದರು.

ಅಜ್ಜ ಕೆಲಸಕ್ಕೆ ಸೇರುವಷ್ಟರಲ್ಲಿ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಎಷ್ಟೋ ಕಾರ್ಖಾನೆಗಳಾಗಿದ್ದವು. ಅವರ ಕೆಲಸ ಹಂಚು ಆರಿಸೋದು. ಸುಟ್ಟ ಹಂಚು ಗೂಡಿನಿಂದ ಹೊರಬಂದ ಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು. ಚೆನ್ನಾಗಿ ಬೆಂದ ಹಂಚು 'ಠಣ್' ಅನ್ನತ್ತೆ. ಒಳಗೆ ಸೀಳು ಬಿಟ್ಟಿದ್ದು, ಕಣ್ಣಿಗೆ ಎಷ್ಟೇ ಚಂದ ಕಂಡರೂ, 'ಡಬ್' ಅನ್ನತ್ತೆ. 39 ವರ್ಷ ಅಜ್ಜ ಅದನ್ನೇ ಕೇಳಿಸಿಕೊಂಡರು.

ಹಾಗಾಗಿಯೋ ಏನೋ, ಮನೆಯಲ್ಲಿ ಅವರಿಗೆ ಸುಳ್ಳು ಹೇಳೋದು ಕಷ್ಟವಿತ್ತು. ನಾನು ಹಾಸ್ಟೆಲ್‌ನಿಂದ ಫೋನ್ ಮಾಡಿ "ಆರಾಮಿದ್ದೀನಿ ಅಜ್ಜ" ಅಂದರೆ, ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಊಟಕ್ಕೆ ದುಡ್ಡಿದೆಯಾ?" ಕೇಳಿದ್ದೇ ಸರಿಯಾದ ಪ್ರಶ್ನೆ ಆಗಿರುತ್ತಿತ್ತು.

ಏಳೂವರೆಯ ಪ್ರಾರ್ಥನೆ

ನಮ್ಮದು ತುಳು ಮಾತಾಡುವ ಮನೆ. ಜಗಳ ತುಳುವಿನಲ್ಲಿ, ತಮಾಷೆ ತುಳುವಿನಲ್ಲಿ. ಪ್ರಾರ್ಥನೆ ಮಾತ್ರ ಕನ್ನಡದಲ್ಲಿ. ರಾತ್ರಿ ಏಳೂವರೆಗೆ ಗೋಡೆ ಗಡಿಯಾರ ಹೊಡೆದ ಕೂಡಲೇ ಟಿವಿ ಬಂದ್. ಚಾಪೆ ಹಾಸಿ ಎಲ್ಲರೂ ಕೂರಬೇಕು. ಒಂದು ಸಂಗೀತ, ಒಂದು ಅಧ್ಯಾಯ, ಆಮೇಲೆ ಅಜ್ಜನ ಪ್ರಾರ್ಥನೆ.

ಆ ಪ್ರಾರ್ಥನೆ ಅಂದರೆ ಒಂದು ದೊಡ್ಡ ಲಿಸ್ಟು. ಎದುರು ಮನೆ ಭಟ್ಟರ ಮಗಳಿಗೆ ಪರೀಕ್ಷೆ. ಮೀನು ತರುವ ಬ್ಯಾರಿಯ ಮಂಡಿನೋವು. ಗಂಡನನ್ನು ಕಳೆದುಕೊಂಡ ಟೈಲರ್ ಬಾಯಿ. ಕೆಲಸ ಹೋದ ಕಂಡಕ್ಟರ್. ಪ್ರಧಾನಮಂತ್ರಿ, ಮಳೆ, ನಮ್ಮ ಹಸು. ಯಾರ ಹೆಸರನ್ನೂ ಬಿಡುವ ಹಾಗಿಲ್ಲ. ಮಕ್ಕಳಾದ ನಮಗೆ ಕಾಲು ಜೋಮು ಹಿಡಿಯುತ್ತಿತ್ತು. ಕೊನೆಯಲ್ಲಿ, ಆಮೆನ್‌ಗೆ ಮುಂಚೆ, ಅಜ್ಜ ಸುಮ್ಮನಾಗುತ್ತಿದ್ದರು. ಐದಾರು ಸೆಕೆಂಡು. ಲಿಸ್ಟು ಮರೆತುಹೋಯ್ತೇನೋ ಅಂದುಕೊಳ್ತಿದ್ದೆ.

ಭಾನುವಾರ ಚರ್ಚು. ನನಗಿದ್ದ ಒಂದೇ ಚಿಂತೆ, ಪ್ರಸಂಗ ಉದ್ದವಾದರೆ ಶಕ್ತಿಮಾನ್ ತಪ್ಪುತ್ತದೆ ಅನ್ನೋದು. ಆದರೂ ಒಂದು ವಿಷಯ ಗಮನಿಸಿದ್ದೆ. ತಿಂಗಳಿಗೊಮ್ಮೆ ಕರ್ತನ ಭೋಜನ ಇರುತ್ತಿತ್ತು. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ದೊಡ್ಡವರೆಲ್ಲ ಸಾಲಾಗಿ ಎದ್ದು ಮುಂದೆ ಹೋಗುತ್ತಿದ್ದರು. ಅಜ್ಜಿ ಹೋಗುತ್ತಿದ್ದರು, ಅಪ್ಪ ಅಮ್ಮ ಹೋಗುತ್ತಿದ್ದರು. ಅಜ್ಜ ಮಾತ್ರ ಬೆಂಚಿನಲ್ಲೇ, ಮಕ್ಕಳಾದ ನಮ್ಮ ಪಕ್ಕ, ತಲೆ ಬಗ್ಗಿಸಿ ಕೂತಿರುತ್ತಿದ್ದರು. ನಮ್ಮನ್ನು ನೋಡಿಕೊಳ್ಳೋಕೆ ಅಂತ ನಾನು ತಿಳಿದಿದ್ದೆ.

ಹನ್ನೊಂದು ವರ್ಷ

ನನಗೊಬ್ಬ ಚಿಕ್ಕಪ್ಪ ಇದ್ದಾರೆ ಅಂತ ನನಗೆ ತಿಳಿದಿದ್ದು ಒಂಬತ್ತನೇ ವಯಸ್ಸಿನಲ್ಲಿ.

1988ರಲ್ಲಿ ಚಿಕ್ಕಪ್ಪ ಒಬ್ಬ ಹುಡುಗಿಯನ್ನು ಮೆಚ್ಚಿದರು. ಆಕೆ ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಮತಾಂತರದ ಮಾತೇ ಬೇಡ, ಇಬ್ಬರೂ ಅವರವರ ಹಾಗೇ ಇರ್ತೀವಿ ಅಂತ ಚಿಕ್ಕಪ್ಪ ಹೇಳಿಬಿಟ್ಟರು. ರಿಜಿಸ್ಟ್ರಾರ್ ಆಫೀಸಿಗೆ ಬರಲು ಅಪ್ಪನನ್ನು ಕರೆದರು. ಅಜ್ಜ ಬೈಯಲಿಲ್ಲ, ಕೂಗಾಡಲಿಲ್ಲ. ಉತ್ತರವನ್ನೇ ಕೊಡಲಿಲ್ಲ. ಅವತ್ತಿನಿಂದ ಮನೆಯಲ್ಲಿ ಆ ಹೆಸರು ಎತ್ತುವ ಹಾಗಿರಲಿಲ್ಲ. ಚಿಕ್ಕಪ್ಪ ಹುಬ್ಬಳ್ಳಿಗೆ ಹೋಗಿ ರೈಲ್ವೆ ಸೇರಿದರು. ಅಜ್ಜಿ ಮಾತ್ರ ಆ ಕಡೆ ಹೋಗುವ ಪರಿಚಯದವರ ಕೈಯಲ್ಲಿ ಹಲಸಿನ ಹಪ್ಪಳ, ಒಣ ಸಿಗಡಿ ಕಳಿಸುತ್ತಿದ್ದರಂತೆ. ಅಜ್ಜನಿಗೆ ಗೊತ್ತಾಗಿಯೂ ಗೊತ್ತಾಗದ ಹಾಗೆ ಇದ್ದರಂತೆ.

ಎಲ್ಲರಿಗಾಗಿ ಪ್ರಾರ್ಥಿಸುವ ಮನುಷ್ಯ, ಸ್ವಂತ ಮಗನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟ. ಇದನ್ನು ಬರೆಯುವಾಗ ನನಗೆ ಈಗಲೂ ಹಿಂಸೆಯಾಗುತ್ತದೆ. ಅಜ್ಜನ ಭಕ್ತಿಯನ್ನು ಹೊಗಳಿ ಇದನ್ನು ಮುಚ್ಚಿಡೋದು ಸುಲಭ. ಇದನ್ನೇ ಹಿಡಿದು ಆ ಭಕ್ತಿಯೆಲ್ಲ ಬೂಟಾಟಿಕೆ ಅನ್ನೋದೂ ಅಷ್ಟೇ ಸುಲಭ. ಎರಡೂ ಅಲ್ಲ ಅಂತ ನನಗೆ ತಿಳಿದಿದ್ದು 2009ರಲ್ಲಿ, ಅಜ್ಜಿಯಿಂದ.

ಅಜ್ಜಿ ತೀರಿಕೊಳ್ಳುವ ಹಿಂದಿನ ವರ್ಷ ಅದು. ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಗಿತ್ತು. ಅಜ್ಜ 80ನೇ ವಯಸ್ಸಿನಲ್ಲಿ ನೀರುದೋಸೆ ಹುಯ್ಯೋದು ಕಲಿತು, ಅಜ್ಜಿಗೆ ತಿನ್ನಿಸಿ, ಕೂದಲು ಬಾಚಿ, ಸಣ್ಣ ಜಡೆ ಹಾಕುತ್ತಿದ್ದರು. ಜಡೆ ಯಾವಾಗಲೂ ಸೊಟ್ಟ. ಒಂದು ದಿನ ನಾನು ಆ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾ ಕೇಳಿದೆ: "ಆಗೆಲ್ಲ ಅಜ್ಜ ಯಾಕೆ ರೊಟ್ಟಿ ತಗೊಳ್ಳೋಕೆ ಹೋಗ್ತಿರಲಿಲ್ಲ?"

ಅಜ್ಜಿ ತೊದಲುತ್ತಾ ಹೇಳಿದ್ದಿಷ್ಟು. ದೇವರಿಗೆ ಕಾಣಿಕೆ ಕೊಡಲು ಹೋದಾಗ, ನಿನ್ನ ಮೇಲೆ ಯಾರಿಗೋ ಬೇಸರವಿದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವರ ಜೊತೆ ಸರಿಮಾಡಿಕೊ ಅನ್ನುವ ಯೇಸುವಿನ ಬೋಧನೆ ಇದೆ. ಅಜ್ಜನಿಗೆ ಅದು ಗೊತ್ತಿತ್ತು. ಮಗನ ಹತ್ತಿರ ಹೋಗುವ ಧೈರ್ಯ ಇರಲಿಲ್ಲ. ಹೋಗದೆ ರೊಟ್ಟಿ ಮುಟ್ಟುವ ಮನಸ್ಸೂ ಇರಲಿಲ್ಲ. ಸಭೆಯ ಹಿರಿಯರ ಸ್ಥಾನವನ್ನು ಅದೇ ವರ್ಷ ಬಿಟ್ಟುಕೊಟ್ಟಿದ್ದರು. ವಯಸ್ಸಾಯಿತು, ಹೊಸಬರು ಬರಲಿ ಅಂದಿದ್ದರು. ಎಲ್ಲರೂ ಅದನ್ನು ದೊಡ್ಡತನ ಅಂದುಕೊಂಡರು.

ಹನ್ನೊಂದು ವರ್ಷ ಅವರು ತಮಗೆ ತಾವೇ ಹಾಕಿಕೊಂಡ ಶಿಕ್ಷೆ ಅದು. ಮಗನಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ ಅನ್ನೋದೂ ನಿಜ.

ಹುಬ್ಬಳ್ಳಿ ಬಸ್ಸು

1999ರ ಆಗಸ್ಟ್‌ನಲ್ಲಿ ಅಜ್ಜನಿಗೆ 70 ತುಂಬಿತು. ಕೀರ್ತನೆಗಳ ಪುಸ್ತಕದಲ್ಲಿ ಮನುಷ್ಯನ ಆಯುಸ್ಸಿಗೆ ಎಪ್ಪತ್ತರ ಲೆಕ್ಕ ಇದೆ. ಕೇಕ್ ಕತ್ತರಿಸುವಾಗ ಅಜ್ಜ, "ಸಂಬಳ ಮುಗಿಯಿತು. ಇನ್ನು ಮೇಲಿನದೆಲ್ಲ ಬೋನಸ್" ಅಂದಿದ್ದರು.

ಆ ವರ್ಷದ ದಸರಾ ರಜೆಯಲ್ಲಿ ನನ್ನನ್ನು ಕರೆದುಕೊಂಡು ರಾತ್ರಿ ಬಸ್ ಹತ್ತಿದರು. ಎಲ್ಲಿಗೆ ಅಂತ ಅಪ್ಪನಿಗೂ ಸರಿಯಾಗಿ ಹೇಳಲಿಲ್ಲ. ನನ್ನನ್ನು ಯಾಕೆ ಕರೆದುಕೊಂಡು ಹೋದರು ಅಂತ ದೊಡ್ಡವಳಾದ ಮೇಲೆ ಕೇಳಿದ್ದೆ. "ಮಗು ಜೊತೆಗಿದ್ದರೆ ಯಾರೂ ಬಾಗಿಲು ಮುಚ್ಚಲ್ಲ" ಅಂದರು. ಅಂದರೆ ನಾನು ಅಜ್ಜನ ಗುರಾಣಿ!

ಬೆಳಿಗ್ಗೆ ಬಾಗಿಲು ತೆರೆದವರು ಚಿಕ್ಕಮ್ಮ. ಅಜ್ಜ ಅವರನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಆದರೂ ಅವರಿಗೆ ಗೊತ್ತಾಯಿತು. ಚಿಕ್ಕಪ್ಪನ ಮೂಗು ಅಜ್ಜನದೇ. ಅಜ್ಜ ಹೊಸ್ತಿಲ ಹೊರಗೇ ನಿಂತು, "ನಾನು ತಪ್ಪು ಮಾಡಿದೆ, ಮಗಾ" ಅಂದರು. ಚಿಕ್ಕಮ್ಮ, "ಮೊದಲು ಕೈಕಾಲು ತೊಳ್ಕೊಳ್ಳಿ ಮಾವ. ಮಗು ಹಸಿದಿರಬೇಕು" ಅಂದರು. ನನಗೆ ಅವಲಕ್ಕಿ ಕೊಟ್ಟರು. ಅದರ ಮೇಲೆ ಹಾಕಿದ್ದ ಶೇಂಗಾ ಇನ್ನೂ ನೆನಪಿದೆ.

ಚಿಕ್ಕಪ್ಪ ಡ್ಯೂಟಿ ಮುಗಿಸಿ ಸಂಜೆ ಬಂದರು. ಬಾಗಿಲ ಬಳಿ ಚಪ್ಪಲಿ ನೋಡಿ ಅಲ್ಲೇ ನಿಂತರು. ಸಿನಿಮಾದಲ್ಲಾದರೆ ಓಡಿಬಂದು ತಬ್ಬಿಕೊಳ್ಳಬೇಕಿತ್ತು. ಹಾಗೇನೂ ಆಗಲಿಲ್ಲ.

"ಹನ್ನೊಂದು ವರ್ಷ ಬೇಕಾಯ್ತಾ?"

"ಬೇಕಾಗಿರಲಿಲ್ಲ. ಸಭೆಯಲ್ಲಿ ನನಗೊಂದು ಹೆಸರಿತ್ತು, ಅದು ಹೋಗುತ್ತೆ ಅಂತ ಹೆದರಿದೆ. ದೇವರಿಗೆ ಹೆದರಿದ್ದಲ್ಲ, ಜನಕ್ಕೆ ಹೆದರಿದ್ದು."

ಚಿಕ್ಕಪ್ಪ ಏನೂ ಹೇಳದೆ ಹೊರಗೆ ಹೋದರು. ರಾತ್ರಿ ಹತ್ತರ ಮೇಲೆ ಬಂದರು. ಕೈಯಲ್ಲಿ ಅಜ್ಜನಿಗೆ ಬೇಕಾದ ಬೀಡಾ, ನನಗೆ ಒಂದು ಪೊಟ್ಟಣ ಧಾರವಾಡ ಪೇಡಾ. ಅಷ್ಟೇ. ಆ ಕ್ರಿಸ್ಮಸ್‌ಗೆ ಅವರು ಊರಿಗೆ ಬರಲಿಲ್ಲ. ಅದರ ಮುಂದಿನ ಕ್ರಿಸ್ಮಸ್‌ಗೆ ಬಂದರು. ಮುರಿದಿದ್ದು ಕೂಡಲು ಅದರದೇ ಸಮಯ ತಗೊಳ್ಳತ್ತೆ.

ಆದರೆ ನಾವು ಹುಬ್ಬಳ್ಳಿಯಿಂದ ಬಂದ ದಿನ, ಏಳೂವರೆಯ ಪ್ರಾರ್ಥನೆಯಲ್ಲಿ ಅಜ್ಜ ಸುಮ್ಮನಾಗುತ್ತಿದ್ದ ಆ ಜಾಗದಲ್ಲಿ ಮೂರು ಹೆಸರು ಬಂದವು. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗ. ನವೆಂಬರ್ ತಿಂಗಳ ಕರ್ತನ ಭೋಜನಕ್ಕೆ ಅಜ್ಜ ಎದ್ದು ಸಾಲಿನಲ್ಲಿ ನಿಂತರು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದು ಯಾಕೆ ಅಂತ ನನಗೆ ಆಗ ಅರ್ಥವಾಗಿರಲಿಲ್ಲ.

ಬೋನಸ್ ವರ್ಷಗಳು

ಬೋನಸ್ ಅಂದಿದ್ದು 24 ವರ್ಷ ಬಂತು. ಅಜ್ಜ ಅದನ್ನು ಚೆನ್ನಾಗಿ ಖರ್ಚು ಮಾಡಿದರು.

ಚಿಕ್ಕಮ್ಮನಿಗೆ ಚರ್ಚಿಗೆ ಬಾ ಅಂತ ಒಂದು ದಿನವೂ ಹೇಳಲಿಲ್ಲ. ಅವರ ತವರಿನ ಗರಡಿಯಲ್ಲಿ ನೇಮ ಇದ್ದಾಗ, ಬಸ್ ಸ್ಟ್ಯಾಂಡಿನವರೆಗೆ ಬ್ಯಾಗ್ ಹಿಡಿದು ಬಿಟ್ಟುಬರುತ್ತಿದ್ದರು. ಒಂದು ಸಲ ಚಿಕ್ಕಮ್ಮ ತಮಾಷೆಗೆ, "ಮಾವ, ನಿಮ್ಮ ಮುತ್ತಜ್ಜನೂ ನಮ್ಮ ಗರಡಿಯವರೇ ಅಲ್ವಾ? ಸುಮ್ಮನೆ ಹನ್ನೊಂದು ವರ್ಷ ವೇಸ್ಟ್ ಮಾಡಿದ್ರಿ" ಅಂದರು. ಅಜ್ಜ ಕೆಮ್ಮು ಬರುವಷ್ಟು ನಕ್ಕರು. ಮಾತು ನಿಜವೇ. ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದ ಎಷ್ಟೋ ಕುಟುಂಬಗಳ ಬೇರು ಕೋಟಿ ಚೆನ್ನಯರನ್ನು ನಂಬುವ ಬಿಲ್ಲವ ಮನೆಗಳಲ್ಲೇ ಇದೆ.

ಕೊಯ್ಲಿನ ಹಬ್ಬದಲ್ಲಿ ಚರ್ಚಿನ ಅಂಗಳದಲ್ಲಿ ಏಲಂ ನಡೆಯುತ್ತದೆ. ಜನ ತಂದ ಬಾಳೆಗೊನೆ, ಕುಂಬಳಕಾಯಿ, ಹುಂಜ ಎಲ್ಲವನ್ನೂ ಕೂಗಿ ಮಾರುತ್ತಾರೆ. ಅಜ್ಜ ಯಾವಾಗಲೂ ಯಾರಿಗೂ ಬೇಡವಾದದ್ದಕ್ಕೆ ಕೈ ಎತ್ತುತ್ತಿದ್ದರು. ಒಂದು ಒಣಗಿದ ಸೋರೆಕಾಯಿ, ಯಾರೋ ಮುದುಕಿ ತಂದ ಎರಡು ಮೊಟ್ಟೆ. "ತಂದವರು ನೋಡ್ತಿರ್ತಾರೆ" ಅನ್ನುತ್ತಿದ್ದರು.

90 ದಾಟಿದ ಮೇಲೆ ಕಿವಿ ಮಂದವಾಯಿತು. ಹಂಚಿನ ಸೀಳು ಕೇಳಿಸಿಕೊಂಡ ಕಿವಿ! ಆಮೇಲೆ ನಮ್ಮ ಮುಖ ನೋಡಿಯೇ ಕೇಳುತ್ತಿದ್ದರು, "ಏನಾಯ್ತು?" ಕೊನೆಯ ಸಲ ಊರಿಗೆ ಹೋದಾಗ ನನ್ನನ್ನೂ ಕೇಳಿದರು: "ತಮ್ಮ ಹೇಗಿದ್ದಾನೆ?" "ಚೆನ್ನಾಗಿದ್ದಾನೆ" ಅಂದೆ. ಅಜ್ಜ ನನ್ನನ್ನೇ ನೋಡಿದರು. ನಾನು ಫೋನ್ ನೋಡಿದೆ.

ಓದಬೇಕಾ, ಬೇಡವಾ?

ಮನೆ ತಲುಪಿದಾಗ ಬೀದಿಯಲ್ಲಿ ಕ್ರಿಸ್ಮಸ್ ನಕ್ಷತ್ರಗಳು ಇನ್ನೂ ಉರಿಯುತ್ತಿದ್ದವು. ಅಜ್ಜನನ್ನು ಬಿಳಿ ಪಂಚೆಯಲ್ಲಿ ಮಲಗಿಸಿದ್ದರು. ಬರೆದದ್ದನ್ನು ಅಪ್ಪನಿಗೆ ತೋರಿಸಿದೆ. "ಚೆನ್ನಾಗಿದೆ" ಅಂದರು. "ಇನ್ನೂ ಸ್ವಲ್ಪ ಸೇರಿಸಬೇಕು ಅಂತಿದ್ದೀನಿ" ಅಂದೆ. ಏನು ಅಂತ ಅವರಿಗೆ ತಕ್ಷಣ ತಿಳಿಯಿತು. "ಅದ್ಯಾಕೆ? ಮನೆ ಮಾತು. ಸಭೆಯ ಮುಂದೆ, ಈ ದಿನ..."

ಅಪ್ಪನ ಮಾತು ತಪ್ಪು ಅಂತ ನನಗೆ ಅನಿಸಲಿಲ್ಲ. ಸತ್ತವರ ಗೌರವ ಕಾಯುವುದೂ ಮಕ್ಕಳ ಕೆಲಸವೇ. ಅದು ನನ್ನ ಕಥೆಯೂ ಅಲ್ಲ, ಚಿಕ್ಕಪ್ಪನದು. ಹಾಗಾಗಿ ಅವರನ್ನೇ ಕೇಳಿದೆ. ಅವರು ಅಜ್ಜನ ಕಾಲ ಬಳಿ ಕೂತಿದ್ದರು. ಫೋನ್ ತೆಗೆದುಕೊಂಡು ಓದಿ, ವಾಪಸ್ ಕೊಟ್ಟರು. "ಅಪ್ಪ ನನ್ನ ಮನೆ ಬಾಗಿಲಲ್ಲಿ ನಿಂತು ಹೇಳಿದ್ದು ಪಕ್ಕದ ಮನೆಯವರಿಗೂ ಕೇಳಿಸಿತ್ತು. ಅವರೇ ಮುಚ್ಚಿಡಲಿಲ್ಲ. ನಾವ್ಯಾಕೆ?" ಅಂದರು. ಚಿಕ್ಕಮ್ಮ ಒಂದೇ ಮಾತು ಸೇರಿಸಿದರು: "ಅದನ್ನ ಬಿಟ್ಟರೆ ಮಾವ ಯಾರೋ ಬೇರೆಯವರ ಹಾಗೆ ಕಾಣ್ತಾರೆ."

ಮಧ್ಯಾಹ್ನ ಚರ್ಚಿನಲ್ಲಿ ಓದಿದೆ. ಜನನ, ಮದುವೆ, ಕೆಲಸ. ಆಮೇಲೆ ನಾಲ್ಕು ವಾಕ್ಯ. ಮಗನೊಂದಿಗೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು ಅಂತ. ಅಷ್ಟೂ ಕಾಲ ಕರ್ತನ ಭೋಜನ ತೆಗೆದುಕೊಳ್ಳಲಿಲ್ಲ ಅಂತ. 70ನೇ ವಯಸ್ಸಿನಲ್ಲಿ ತಾವೇ ಹೋಗಿ ಕ್ಷಮೆ ಕೇಳಿದರು ಅಂತ. ಆ ಸೊಸೆ ಇವತ್ತು ಮೊದಲ ಬೆಂಚಿನಲ್ಲಿ ಕೂತಿದ್ದಾರೆ ಅಂತ. ಫ್ಯಾನುಗಳ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ಸ್ಮಶಾನದಲ್ಲಿ ಮಣ್ಣು ಹಾಕಿ ಬರುವಾಗ, ನನಗೆ ಪರಿಚಯವಿಲ್ಲದ ಒಬ್ಬ ಹಿರಿಯರು ತಡೆದರು. "ಓದಿದ ಆ ಪೇಪರು ಕೊಡ್ತೀಯಾ ಮಗಾ?" ಕೊಟ್ಟೆ. ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಯಾಕೆ ಅಂತ ನಾನು ಕೇಳಲಿಲ್ಲ.

ನೀವೂ ಕೇಳಿಬಿಡಿ

ನನ್ನ ಫೋನಿನಲ್ಲಿ ಅಜ್ಜನ ಫೋಟೋಗಳು ನೂರಾರು ಇವೆ. ಧ್ವನಿ ಇರೋದು 40 ಸೆಕೆಂಡಿನ ಒಂದು ವಾಯ್ಸ್ ನೋಟ್ ಮಾತ್ರ. ಅದರಲ್ಲೂ ಮಾವಿನಹಣ್ಣು ಕಳಿಸಿದ್ದೇನೆ, ಬಸ್ ಸ್ಟ್ಯಾಂಡಿಗೆ ಹೋಗಿ ತಗೋ ಅನ್ನುವ ಮಾತು. ಆ ಏಳೂವರೆಯ ಲಿಸ್ಟನ್ನು ಒಂದು ಸಲವೂ ರೆಕಾರ್ಡ್ ಮಾಡಲಿಲ್ಲ. ದಿನಾ ಇರತ್ತಲ್ಲ, ಯಾವಾಗಲಾದರೂ ಮಾಡಿದರಾಯ್ತು ಅಂದುಕೊಂಡಿದ್ದೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಯಾವ ಧರ್ಮವೇ ಇರಲಿ, ಈ ಸಲ ಊರಿಗೆ ಹೋದಾಗ ಒಂದು ಗಂಟೆ ಪಕ್ಕ ಕೂತುಬಿಡಿ. ಹುಟ್ಟಿದ ತಾರೀಖು ಆಧಾರ್ ಕಾರ್ಡಿನಲ್ಲಿ ಸಿಗತ್ತೆ, ಅದನ್ನು ಕೇಳಬೇಡಿ. ಕೆಲಸದಲ್ಲಿ ಕೈ ಏನು ಮಾಡುತ್ತಿತ್ತು ಅಂತ ಕೇಳಿ. ಯಾರ ಜೊತೆ ಮಾತು ಬಿಟ್ಟಿದ್ದರು, ಮತ್ತೆ ಹೇಗೆ ಮಾತಾಡಿದರು ಅಂತ ಕೇಳಿ. ಮೊದಲು ಯಾರು ಬಾಗಿಲು ತಟ್ಟಿದರು ಅಂತ ಕೇಳಿ.

ಸಾವಿನ ಮೂರನೇ ದಿನ ಬೆಂಗಳೂರಿಗೆ ಹೊರಡಬೇಕಿತ್ತು. ತಮ್ಮ ಜಗಲಿಯಲ್ಲಿ ಶೂ ಹಾಕಿಕೊಳ್ಳುತ್ತಿದ್ದ. ಹೋಗಿ ಪಕ್ಕ ನಿಂತೆ. ಏನು ಹೇಳಬೇಕು ಅಂತ ಎರಡು ದಿನ ಯೋಚಿಸಿದ್ದೆ, ಒಂದೂ ನೆನಪಾಗಲಿಲ್ಲ. "ಬಸ್ ಎಷ್ಟು ಗಂಟೆಗೆ?" ಅಂದೆ.

ತಲೆ ಎತ್ತದೆ ಹೇಳಿದ: "ಒಂಬತ್ತೂವರೆ. ಎರಡು ಸೀಟು ಹಾಕಿದ್ದೀನಿ."